ಬ್ರೇಕ್ ಮೇಷ್ಟ್ರ ಪುಕ್ಕಟೆ ವಾಷಿಂಗ್ ಮೆಷಿನ್

"ಇನ್ಮೇಲೆ ಈ ಮನೆಯಿಂದ ಹೊರಗೆ ಹೋಗೋ ಒಂದೊಂದು ಕಾಸೂ ತನ್ನ ತಮ್ಮನ ಕೈ ಹಿಡ್ಕೊಂಡೇ ವಾಪಸ್ ಬರಬೇಕು!"

ಬ್ರೇಕ್ ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ನಿಂತು ಈ ಘನಘೋರ ಪ್ರತಿಜ್ಞೆ ಮಾಡಿದಾಗ ಅವರ ಬಲಗೈಯಲ್ಲಿ ಮೊಬೈಲು, ಎಡಗೈಯಲ್ಲಿ ಹಲ್ಲುಜ್ಜುವ ಬ್ರಷ್ಷು, ಬಾಯಿತುಂಬ ನೊರೆ. ಪ್ರತಿಜ್ಞೆ ಮಾಡುವುದಕ್ಕೆ ಇದು ತಕ್ಕ ಭಂಗಿಯಲ್ಲವೆಂದು ಅವರಿಗೂ ಗೊತ್ತಿತ್ತು. ಆದರೆ ಆವೇಶ ಬಂದ ಮೇಲೆ ಬಾಯಿ ಮುಕ್ಕಳಿಸುವವರೆಗೆ ಕಾಯುವ ಜಾಯಮಾನ ಅವರದಲ್ಲ.

ಮೇಷ್ಟ್ರು ಕಲಿಸುತ್ತಿದ್ದದ್ದು ಕಾರು ಓಡಿಸುವುದನ್ನು. ಕಲಿಸುವ ಕಾರಿನಲ್ಲಿ ಕಲಿಯುವವರ ಕಾಲಬುಡದಲ್ಲಿ ಒಂದು ಬ್ರೇಕು, ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಬುಡದಲ್ಲಿ ಇನ್ನೊಂದು ಬ್ರೇಕು. ಮೊದಲನೆಯದು ಸವೆದದ್ದನ್ನು ಯಾರೂ ಕಂಡಿಲ್ಲ. ಎರಡನೆಯದನ್ನು ಮೇಷ್ಟ್ರು ಒತ್ತಿ ಒತ್ತಿ ಕನ್ನಡಿಯ ಹಾಗೆ ಮಾಡಿಟ್ಟಿದ್ದರು. ಸೋಫಾದಲ್ಲಿ ಕೂತು ಟೀವಿಯಲ್ಲಿ ಕಾರು ಓಡುವುದನ್ನು ನೋಡಿದರೂ ಅವರ ಬಲಗಾಲು ಟೀಪಾಯಿಯ ಕಾಲನ್ನು ಒತ್ತುತ್ತಿತ್ತು. ಹೀಗಾಗಿ ಅವರ ನಿಜವಾದ ಹೆಸರನ್ನು ಜನ ಮರೆತು ಬಹಳ ಕಾಲವಾಗಿತ್ತು.

"ಕಾಸೂ ಬೇಡ, ಅದರ ತಮ್ಮನೂ ಬೇಡ," ಎಂದರು ಅವರ ಹೆಂಡತಿ, ಒಲೆಯ ಕಡೆಯಿಂದ ತಿರುಗದೆ. "ಬರೋ ಭಾನುವಾರ ನನಗೆ ಐವತ್ತು ತುಂಬುತ್ತೆ. ನನ್ನ ಅಣ್ಣನ್ನ ಒಂದ್ಸಲ ಕರೀರಿ. ನನಗೆ ಅಷ್ಟು ಸಾಕು."

ಮೇಷ್ಟ್ರ ಬಾಯಲ್ಲಿದ್ದ ನೊರೆ ಕಹಿಯಾಯಿತು.

ಈ ಅಣ್ಣ ಎಂಬ ಭಾವನವರು ಗಡಿಯಾರ ರಿಪೇರಿ ಮಾಡುವವರು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಉಸಿರು ಬಿಗಿಹಿಡಿದು ಕೂರಿಸುವ ಮನುಷ್ಯ. ಕಾರನ್ನೂ ಹಾಗೆಯೇ ಓಡಿಸಲು ಹೊರಟರು! ಕಳೆದ ವರ್ಷ ಮೇಷ್ಟ್ರ ಬಳಿ ಕಲಿಯಲು ಬಂದು, ಪೇಟೆಯ ನಾಲ್ಕು ರಸ್ತೆ ಕೂಡುವಲ್ಲಿ ಕಾರು ನಿಲ್ಲಿಸಿ, ರಸ್ತೆಯೆಲ್ಲ ಪೂರ್ತಿ ಖಾಲಿಯಾಗಲಿ ಎಂದು ಕಾಯುತ್ತ ಕೂತರು. ಹಿಂದಿನಿಂದ ಹಾರನ್ನುಗಳ ಸುರಿಮಳೆ. ಕೊನೆಗೆ ಅವರು ಕಾರನ್ನು ಸ್ವಲ್ಪ ಮುಂದಕ್ಕೆ ಬಿಟ್ಟರೋ ಇಲ್ಲವೋ, ಮೇಷ್ಟ್ರು ಗಾಬರಿಯಿಂದ ಬ್ರೇಕು ತುಳಿದರು. ಭಾವನವರ ಕನ್ನಡಕ ಹಾರಿ ಮುಂದಿನ ಗಾಜಿಗೆ ಬಡಿಯಿತು. ಅಷ್ಟಕ್ಕೇ ಸುಮ್ಮನಿದ್ದರೆ ಅವರು ಬ್ರೇಕ್ ಮೇಷ್ಟ್ರೇ ಅಲ್ಲವಲ್ಲ! "ಭಾವ, ನಿಮಗೆ ಹಿಂದಿನ ಸೀಟೇ ಸರಿ! ಈ ಜನ್ಮದಲ್ಲಿ ನೀವು ಕಾರು ಓಡಿಸೋಲ್ಲ ಬಿಡಿ!" ಎಂದು ಕಿರುಚಿದರು. ಹಿಂದಿನ ಸೀಟಿನಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದವರು ಕಿಸಕ್ಕನೆ ನಕ್ಕರು. ಭಾವನವರು ಕನ್ನಡಕ ಹೆಕ್ಕಿಕೊಂಡು, ಬಾಗಿಲು ತೆಗೆದು, ನಡುರಸ್ತೆಯಲ್ಲೇ ಇಳಿದು ಹೋದರು.

"ಅವರೇ ಕರೆಯೋವರೆಗೂ ಆ ಮನೆ ಮೆಟ್ಟಿಲು ಹತ್ತಲ್ಲ," ಎಂದು ಅವರು ಹೇಳಿ ಕಳಿಸಿದರು. "ನಾನಾಗಿ ಕರೆದರೆ ನನ್ನ ಹೆಸರೇ ಬದಲಾಯಿಸ್ಕೋತೀನಿ!" ಎಂದು ಇವರು ಹೇಳಿ ಕಳಿಸಿದರು. ಇಬ್ಬರ ಮಾತನ್ನೂ ಹೊತ್ತುಕೊಂಡು ಓಡಾಡಿ ಸೋತವರು ಮೇಷ್ಟ್ರ ಹೆಂಡತಿ. ಆಮೇಲೆ ಅಣ್ಣನ ಮನೆಗೆ ಒಬ್ಬರೇ ಹೋಗಿ, ಒಬ್ಬರೇ ಬರುತ್ತಿದ್ದರು. ಬಂದ ದಿನ ಮಾತು ಕಡಿಮೆ ಇರುತ್ತಿತ್ತು.

"ಅದೊಂದನ್ನ ಬಿಟ್ಟು ಬೇರೆ ಏನು ಬೇಕಾದ್ರೂ ಕೇಳು," ಎಂದರು ಮೇಷ್ಟ್ರು. "ಬಟ್ಟೆ ಒಗೆದು ಒಗೆದು ನಿನ್ನ ಕೈ ನೋಯುತ್ತೆ. ವಾಷಿಂಗ್ ಮೆಷಿನ್ ತರ್ತೀನಿ. ಅದೂ ಪುಕ್ಕಟೆ! ಈ ಆಪ್‌ನಲ್ಲಿ ಸಾಮಾನು ತಗೊಂಡ್ರೆ ನಾಣ್ಯ ಕೊಡ್ತಾರೆ. ಸ್ನೇಹಿತರನ್ನ ಸೇರಿಸಿದ್ರೆ ಇನ್ನೂ ನಾಣ್ಯ. ನಾಣ್ಯ ತುಂಬಿದ್ರೆ ಮೆಷಿನ್!"

"ಅಣ್ಣನ್ನ ಕರೆಯೋಕೆ ನಾಣ್ಯಾನೇ ಬೇಡ," ಎಂದು ಆಕೆ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟರು. ಆಸ್ಪತ್ರೆಯ ಮುಂಬಾಗಿಲ ಮೇಜಿನಲ್ಲಿ ಕೂತು, ಬಂದವರಿಗೆಲ್ಲ "ಸ್ವಲ್ಪ ಕಾಯಿರಿ" ಎನ್ನುವುದು ಅವರ ಕೆಲಸ. ಕಾಯುವುದು ಎಂದರೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೇಷ್ಟ್ರ ದಂಡಯಾತ್ರೆ ಅಂದೇ ಶುರುವಾಯಿತು. ಆಪ್‌ನ ಪರದೆಯ ಮೇಲೆ ಒಂದು ಚಿನ್ನದ ಏಣಿ. ಅದರ ತುದಿಯಲ್ಲಿ ವಾಷಿಂಗ್ ಮೆಷಿನ್ನು ಗಿರಗಿರನೆ ತಿರುಗುತ್ತ ಇವರನ್ನೇ ನೋಡಿ ಹಲ್ಲು ಕಿರಿಯುತ್ತಿತ್ತು. ಮೊದಲು ಒಂದು ಕೊಡೆ ಕೊಂಡರು. ನಾಣ್ಯ ಬಂತು! ಆದರೆ ಆ ನಾಣ್ಯವನ್ನು ನಾಳೆ ಸಂಜೆಯೊಳಗೆ ಬಳಸದಿದ್ದರೆ ಅದು ಸಾಯುತ್ತದೆ ಎಂದು ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು. ಬಂದ ನಾಣ್ಯವನ್ನು ಸಾಯಲು ಬಿಡುವುದುಂಟೆ? ಅದರ ಜೀವ ಉಳಿಸಲು ಬಕೆಟ್ಟು ಕೊಂಡರು. ಬಕೆಟ್ಟಿನ ನಾಣ್ಯವನ್ನು ಉಳಿಸಲು ಟಾರ್ಚು. ಟಾರ್ಚಿನ ನಾಣ್ಯ ಬಳಸಬೇಕಾದರೆ ಕೊಡೆಯನ್ನು ಡಜನ್ನಿನಲ್ಲೇ ಕೊಳ್ಳಬೇಕು! ಮೂರ್ನಾಲ್ಕು ದಿನ ಕಳೆಯುವುದರೊಳಗೆ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು.

"ರೀ, ಮನೇಲಿರೋದು ಇಬ್ರು. ಇಷ್ಟೊಂದು ಕೊಡೆ ಯಾಕ್ರೀ?"

"ಅವು ಕೊಡೆ ಅಲ್ಲ ಕಣೇ! ವಾಷಿಂಗ್ ಮೆಷಿನ್ನಿನ ಬಿಡಿಭಾಗ ಅಂದ್ಕೋ!"

"ಹಾಗಿದ್ರೆ ಇವತ್ತು ಬಟ್ಟೆ ಆ ಕೊಡೆಲೇ ಒಗೀರಿ," ಎಂದು ಆಕೆ ಸೋಪು ತಂದು ಕೈಗಿತ್ತರು. ಮೇಷ್ಟ್ರು ಒಗೆದರು. ಬಕೆಟ್ಟುಗಳಿಗಂತೂ ಕೊರತೆಯಿರಲಿಲ್ಲ.

ಇಷ್ಟಾದರೂ ಏಣಿಯ ಅರ್ಧಕ್ಕೂ ಹತ್ತಿರಲಿಲ್ಲ. ಉಳಿದ ಮೆಟ್ಟಿಲು ಹತ್ತಬೇಕಾದರೆ ಹೊಸಬರನ್ನು ಸೇರಿಸಬೇಕು ಎಂದಿತು ಆಪು. ಮೇಷ್ಟ್ರು ತಮ್ಮ ಶಿಷ್ಯರ ಮೇಲೆ ಕಣ್ಣು ಹಾಕಿದರು. ಕಾರಿನಲ್ಲಿ ಅವರೇ ಕೈಯಾರೆ ಬರೆದು ಅಂಟಿಸಿದ "ಮೊಬೈಲ್ ಮುಟ್ಟಿದರೆ ಕೈ ಮುರಿಯುತ್ತೇನೆ" ಎಂಬ ಚೀಟಿ ಇತ್ತು. ಅದರ ಕೆಳಗೇ ಕೂತು ಮೊಬೈಲು ತೆರೆದರು.

ಅಂದು ಕಾರು ಓಡಿಸುತ್ತಿದ್ದವರು ಬೇಕರಿಯಮ್ಮ. ಬೆಣ್ಣೆಯಂಥ ಮನಸ್ಸು, ಆದರೆ ಸ್ಟೀರಿಂಗನ್ನು ಮಾತ್ರ ಹಿಟ್ಟು ನಾದಿದಂತೆ ನಾದುತ್ತಿದ್ದರು. ಆಪ್‌ನಲ್ಲಿ ಎರಡು ಗುಂಡಿಗಳಿದ್ದವು. ಒಂದು "ಒಬ್ಬರನ್ನು ಕರೆಯಿರಿ", ಅದರ ಕೆಳಗೆ "ಎಲ್ಲರನ್ನೂ ಕರೆಯಿರಿ". ಮೇಷ್ಟ್ರು ಕನ್ನಡಕ ಮೇಲಕ್ಕೆ ಸರಿಸಿ, ಹೆಬ್ಬೆರಳನ್ನು ಮೊದಲ ಗುಂಡಿಯ ಮೇಲೆ ಹಿಡಿದು ಬೇಕರಿಯಮ್ಮನ ಹೆಸರು ಹುಡುಕುತ್ತಿದ್ದರು.

"ಮೇಷ್ಟ್ರೇ, ಕಂಬ!"

"ಇರಲಿ ಬಿಡಿ. ಎಡಕ್ಕೆ ತಗೊಳ್ಳಿ."

"ಎಡಕ್ಕೇ ಮೇಷ್ಟ್ರೇ ಕಂಬ ಇರೋದು!"

ಮೇಷ್ಟ್ರ ಬಲಗಾಲು ತನ್ನ ಧರ್ಮವನ್ನು ಪಾಲಿಸಿತು. ಕಾರು ಕಂಬದ ಮುಂದೆ ಗಕ್ಕನೆ ನಿಂತಿತು. ಇಡೀ ಮೇಷ್ಟ್ರು ಮುಂದಕ್ಕೆ ಬಾಗಿದರು, ಅವರೊಂದಿಗೆ ಅವರ ಹೆಬ್ಬೆರಳೂ ಕೆಳಗಿನ ಗುಂಡಿಗೆ ಜಾರಿತು. ಟಿಣ್! "ಅಭಿನಂದನೆಗಳು! ನಿಮ್ಮ ಮೊಬೈಲಿನಲ್ಲಿರುವ ಎಲ್ಲರಿಗೂ ಆಹ್ವಾನ ತಲುಪಿದೆ!"

ಮರುಕ್ಷಣವೇ ಬೇಕರಿಯಮ್ಮನ ಚೀಲದೊಳಗೂ ಟಿಣ್ ಎಂದಿತು. ಆಕೆ ಮೊಬೈಲು ತೆಗೆದು ಗಟ್ಟಿಯಾಗಿ ಓದಿದರು: "ನೀವಿಲ್ಲದೆ ನನ್ನ ಸಂತೋಷ ಅರ್ಧವೇ. ನಿಮಗಾಗಿ ಒಂದು ಉಡುಗೊರೆ ಎತ್ತಿಟ್ಟು ಕಾಯುತ್ತಿದ್ದೇನೆ. ಭಾನುವಾರ ಮುಗಿಯುವುದರೊಳಗೆ ತಪ್ಪದೆ ಬನ್ನಿ." ಪಕ್ಕದಲ್ಲಿ ಮೇಷ್ಟ್ರ ನಗುಮುಖದ ಫೋಟೋ. ಬರಬೇಕಾದದ್ದು ಆಪಿಗೆ ಎಂದು ಹೇಳುವ ಲಿಂಕು ಎಲ್ಲಕ್ಕಿಂತ ಕೆಳಗೆ, ಮತ್ತೆ ಅದೇ ಇರುವೆ ಸಾಲಿನಲ್ಲಿತ್ತು.

"ಅಯ್ಯೋ ಮೇಷ್ಟ್ರೇ! ಪಕ್ಕದಲ್ಲೇ ಕೂತು ಹೇಳೋಕೂ ನಾಚಿಕೇನಾ? ಭಾನುವಾರ ನಿಮ್ಮನೆಯವರ ಹುಟ್ಟಿದ ದಿನ ಅಲ್ವಾ? ಬರ್ತೀನಿ, ಖಂಡಿತ ಬರ್ತೀನಿ. ಕೇಕು ನಂದು!" ಎಂದು ಆಕೆ ಕಣ್ಣೊರೆಸಿಕೊಂಡರು. ಕಳಿಸಿದ್ದನ್ನು ವಾಪಸು ಪಡೆಯುವ ಗುಂಡಿಗಾಗಿ ಮೇಷ್ಟ್ರು ಆಪನ್ನೆಲ್ಲ ತಡಕಾಡಿದರು. ಅಂಥದ್ದೊಂದು ಇರಲೇ ಇಲ್ಲ.

ಹೆಂಡತಿಗೆ ಹೇಳುವ ಧೈರ್ಯವಾಗದೆ ಭಾನುವಾರದವರೆಗೆ ಬಾಯಿಗೆ ಬೀಗ ಹಾಕಿಕೊಂಡರು. ಭಾನುವಾರ ಬೆಳಿಗ್ಗೆ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಮನೆ ಮಾಲೀಕರು! ಬಾಡಿಗೆ ಕೇಳುವಾಗಲೂ ನಗದ ಮುಖದಲ್ಲಿ ಹಲ್ಲು ಕಾಣಿಸುತ್ತಿತ್ತು. "ಏನೋ ಎತ್ತಿಟ್ಟಿದೀನಿ ಅಂದ್ರಲ್ಲ..." ಎಂದರು. ಮೇಷ್ಟ್ರಿಗೆ ಜೀವವೇ ಬಾಯಿಗೆ ಬಂತು. ಥಟ್ಟನೆ ಹಿಂದಿನ ಕೋಣೆಗೆ ಓಡಿ ಒಂದು ಕೊಡೆ ತಂದು ಎರಡೂ ಕೈಯಿಂದ ಒಪ್ಪಿಸಿದರು. ಅವರ ಹಿಂದೆಯೇ ಪಂಕ್ಚರ್ ಅಂಗಡಿಯಾತ, ಟಾರ್ಚು ಹಿಡಿದು ಹಿಗ್ಗಿದ. ಹಲ್ಲಿನ ಡಾಕ್ಟರು ಬಕೆಟ್ಟು ಪಡೆದು, ಇದರ ಅರ್ಥವೇನಿರಬಹುದೆಂದು ಯೋಚಿಸುತ್ತ ಕೂತರು. ಪರೀಕ್ಷೆಯಲ್ಲಿ ಫೇಲಾದ ಹಳೆಯ ಶಿಷ್ಯರೆಲ್ಲ ಬಂದರು, ಪಾಸಾದವರು ಕಾರಿನಲ್ಲೇ ಬಂದರು. ಬೇಕರಿಯಮ್ಮ ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡ ಕೇಕು ತಂದರು. ಮೇಷ್ಟ್ರು ಕೋಣೆಗೂ ಬಾಗಿಲಿಗೂ ಓಡಿ ಓಡಿ ಬೆವರಿಳಿಸಿದರು. ಕೋಣೆ ಖಾಲಿಯಾದಷ್ಟೂ ಎದೆ ಹಗುರವಾಗುತ್ತಿತ್ತು!

ಹೆಂಡತಿಯ ಮುಖವನ್ನು ಮಾತ್ರ ನೋಡಲಾಗುತ್ತಿರಲಿಲ್ಲ. ಅಷ್ಟು ಸಂತೋಷ ಅದರಲ್ಲಿ.

"ಇದಕ್ಕೇ ಏನ್ರೀ ಅಷ್ಟೊಂದು ಕೊಡೆ ತಂದಿಟ್ಟಿದ್ದು? ನಾನು ಸುಮ್ಮನೆ ನಿಮ್ಮನ್ನ ಆಡ್ಕೊಂಡೆ!" ಎಂದು ಆಕೆ ಮೇಷ್ಟ್ರ ತೋಳು ಹಿಡಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ಎಲ್ಲರನ್ನೂ ಕರೆದಿದೀರಿ. ಅಣ್ಣನ್ನೂ ಕರೆದಿದೀರಾ?"

ಮೇಷ್ಟ್ರು ಖಾಲಿಯಾದ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಜಗಳವಾದ ದಿನ ಸಿಟ್ಟಿನಲ್ಲಿ ಭಾವನವರ ಹೆಸರನ್ನು ಮೊಬೈಲಿನಲ್ಲಿ "ಎತ್ತಬಾರದು" ಎಂದು ಬದಲಿಸಿದ್ದರು. ಹುಡುಕಿದರು. ಎತ್ತಬಾರದವರಿಗೂ ಆಹ್ವಾನ ಹೋಗಿತ್ತು. ಅವರು ಅದನ್ನು ಓದಿಯೂ ಇದ್ದರು, ಉತ್ತರ ಮಾತ್ರ ಇರಲಿಲ್ಲ. ಕಿಟಕಿಯಿಂದ ನೋಡಿದರೆ ಹೆಂಡತಿ ಕೇಕಿನ ತಟ್ಟೆ ಹಿಡಿದು ಗೇಟಿನ ಬಳಿ ನಿಂತಿದ್ದರು. ಯಾರೋ ಕೇಕು ಕತ್ತರಿಸಲು ಕರೆದರು. "ಸ್ವಲ್ಪ ಕಾಯಿರಿ," ಎಂದರು ಆಕೆ. ದಿನಾ ಆಸ್ಪತ್ರೆಯಲ್ಲಿ ಹೇಳುವ ಮಾತೇ. ಮೇಷ್ಟ್ರು ಅದನ್ನು ಕೇಳಿ ಕಿಟಕಿಯಿಂದ ಹಿಂದೆ ಸರಿದರು. ಕಂಡಕಂಡವರನ್ನೆಲ್ಲ ಮೊಬೈಲು ಕರೆದಿತ್ತು, ಕರೆಯಬೇಕಾದ ಒಬ್ಬರನ್ನು ತಾವು ಕರೆದಿರಲಿಲ್ಲ. ತಮ್ಮ ಮೇಲೆ ತಮಗೇ ನಾಚಿಕೆಯಾಯಿತು. ಹೆಸರು ಹೋದರೆ ಹೋಗಲಿ ಎಂದು "ಎತ್ತಬಾರದು" ಮೇಲೆ ಹೆಬ್ಬೆರಳಿಟ್ಟು, ಈ ಸಲ ಬೇಕೆಂದೇ ಒತ್ತಿದರು.

ರಿಂಗಾಯಿತು. ಇನ್ನೂ ರಿಂಗಾಯಿತು. ಯಾರೂ ಎತ್ತಲಿಲ್ಲ.

ಪೆಚ್ಚುಮೋರೆ ಹಾಕಿಕೊಂಡು ಹೊರಗೆ ಬಂದರೆ ಗೇಟಿನ ಮುಂದೆ ಒಂದು ಕಾರು. ಸಾಲಾಗಿ ನಿಂತ ಕಾರುಗಳ ನಡುವಿನ ಇಷ್ಟೇ ಇಷ್ಟು ಜಾಗಕ್ಕೆ ಅದು ಹಿಮ್ಮುಖವಾಗಿ, ಮೆಲ್ಲಗೆ, ಗಡಿಯಾರದೊಳಗೆ ಸ್ಪ್ರಿಂಗು ಕೂರುವ ಹಾಗೆ ಕೂತಿತು. ಬಾಗಿಲು ತೆರೆಯಿತು. ಇಳಿದವರು ಭಾವನವರು!

"ಅಣ್ಣಾ!" ಎಂದು ಹೆಂಡತಿ ಕೇಕಿನ ತಟ್ಟೆಯನ್ನು ಹಲ್ಲಿನ ಡಾಕ್ಟರ ಕೈಗೆ ತುರುಕಿ ಓಡಿದರು.

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಆದರೆ ಸುಳ್ಳಿನ ಮೇಲೆ ಸಂತೋಷಪಡಲು ಮನಸ್ಸು ಒಪ್ಪಲಿಲ್ಲ. "ಭಾವ, ಆ ಮೆಸೇಜು... ಅದು ನಾನಾಗಿ ಕಳಿಸಿದ್ದಲ್ಲ. ಆಪಿಂದು," ಎಂದು ತೊದಲಿದರು.

"ಗೊತ್ತು ಮೇಷ್ಟ್ರೇ," ಎಂದರು ಭಾವನವರು. "ದಿನಾ ಸಣ್ಣಸಣ್ಣ ಮುಳ್ಳು ನೋಡೋ ಕಣ್ಣಿಗೆ ಕೆಳಗಿರೋ ಲಿಂಕು ಕಾಣದಿರುತ್ತಾ? ಅದಕ್ಕೇ ಬರಲೋ ಬೇಡವೋ ಅಂತ ಬೆಳಿಗ್ಗೆಯಿಂದ ಇದೇ ಬೀದೀಲಿ ಸುತ್ತು ಹೊಡೀತಿದ್ದೆ. ಆಗ ಮೊಬೈಲು ರಿಂಗಾಯ್ತು, ನಿಮ್ಮ ಹೆಸರು ಬಂತು. ಕಾರು ತಂದು ನಿಲ್ಲಿಸ್ದೆ."

"ಮತ್ತೆ ಎತ್ತಲಿಲ್ಲ?"

"ಓಡಿಸೋವಾಗ ಮೊಬೈಲ್ ಮುಟ್ಟಬಾರದಂತೆ. ನಮ್ಮ ಹೊಸ ಡ್ರೈವಿಂಗ್ ಟೀಚರ್ ಹೇಳ್ಕೊಟ್ಟಿದಾರೆ."

ಮೇಷ್ಟ್ರ ಮುಖ ಹುಳ್ಳಗಾಯಿತು. ಆದರೂ ಭಾವನವರ ಕೈ ಹಿಡಿದು, "ಅವತ್ತು ನಾನು ಹಾಗನ್ನಬಾರದಿತ್ತು ಭಾವ. ಊಟ ಮಾಡ್ಕೊಂಡೇ ಹೋಗಬೇಕು," ಎಂದರು. ಎಷ್ಟೋ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅಷ್ಟು ಸಲೀಸಾಗಿ ಬಂದದ್ದು ಕಂಡು ಅವರಿಗೇ ಆಶ್ಚರ್ಯವಾಯಿತು. ಕೇಕು ಕತ್ತರಿಸಿದ್ದಾಯಿತು. ಲಿಂಕನ್ನು ಒಬ್ಬರೂ ಒತ್ತಿರಲಿಲ್ಲವಾದ್ದರಿಂದ ಸಂಜೆಯ ಹೊತ್ತಿಗೆ ಆಪಿನ ನಾಣ್ಯಗಳೆಲ್ಲ ಒಟ್ಟಿಗೇ ಸತ್ತವು. ಮೇಷ್ಟ್ರು ಅವುಗಳಿಗಾಗಿ ಒಂದು ತೊಟ್ಟು ಕಣ್ಣೀರೂ ಹಾಕದೆ ಆಪನ್ನು ಅಳಿಸಿ, ಸೋಫಾದಲ್ಲಿ ಕಾಲು ಚಾಚಿದರು.

ಆಗ ಅವರ ಮೊಬೈಲು ಟಿಣ್ ಎಂದಿತು. ಹೆಂಡತಿ ಎತ್ತಿ ಓದಿದರು: "ಪ್ರಿಯ ಹೊಸ ವಿದ್ಯಾರ್ಥಿ, ನಮ್ಮ ಡ್ರೈವಿಂಗ್ ಶಾಲೆಗೆ ಸ್ವಾಗತ. ನಿಮ್ಮ ಭಾವನವರು ನಿಮ್ಮನ್ನು ಸೇರಿಸಿದ್ದಾರೆ. ನಾಳೆ ಮೊದಲ ಪಾಠ: ಬ್ರೇಕನ್ನು ಮೆಲ್ಲಗೆ ಒತ್ತುವುದು."

ಭಾವನವರು ಕನ್ನಡಕ ಒರೆಸುತ್ತ, "ಏನೂ ಅಂದ್ಕೋಬೇಡಿ ಮೇಷ್ಟ್ರೇ. ಒಬ್ಬರನ್ನ ಸೇರಿಸಿದ್ರೆ ನನಗೆ ಹೆದ್ದಾರಿ ಪಾಠ ಪುಕ್ಕಟೆ!" ಎಂದರು.

ಮೇಷ್ಟ್ರ ಬಲಗಾಲು ಟೀಪಾಯಿಯ ಕಾಲನ್ನು ಬಲವಾಗಿ ಒತ್ತಿತು. ಹೆಂಡತಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಅಣ್ಣನ್ನ ಕರೆದರೆ ಹೆಸರೇ ಬದಲಾಯಿಸ್ಕೋತೀನಿ ಅಂದಿದ್ರಲ್ಲ," ಎಂದರು ಆಕೆ. "ಏಳಿ ಹೊಸ ವಿದ್ಯಾರ್ಥಿ, ಬಕೆಟ್ಟು ಒಂದು ಉಳಿದಿದೆ. ಬಟ್ಟೆ ನೆನೆಹಾಕಿ ಬನ್ನಿ!"