ಕಸದ ಗಾಡಿಯ ಪಿಟೀಲು

ಕಸದ ಗಾಡಿಯ ಹಾಡಿನ ಪೆನ್‌ಡ್ರೈವ್ ಕೆಟ್ಟಿದ್ದು ಸೋಮವಾರ ಬೆಳಿಗ್ಗೆ ಆರಕ್ಕೆ. ಕೆಡಲಿ, ಯಾರು ಬೇಡ ಅಂದರು? ಆದರೆ ವರ್ಷದ ಅಷ್ಟೂ ದಿನ ಬಿಟ್ಟು ಅದು ಆರಿಸಿಕೊಂಡದ್ದು ಡ್ರೈವರ್ ಹುಲಿಗೇಶನ ಲಗ್ನ ನಿರ್ಧಾರವಾಗುವ ದಿನವನ್ನು!

ಸಂಗತಿ ಇಷ್ಟೇ. ಕುಕನೂರಿನ ಗಂಗಾ ಅವನನ್ನು ಒಪ್ಪಿದ್ದಳು. ಒಪ್ಪದವನು ಅವಳಪ್ಪ ಯಮನೂರಪ್ಪ. "ಹುಡುಗ ಬಂಗಾರದಂಥಾಂವ ಅದಾನ, ಇಲ್ಲ ಅನ್ನಂಗಿಲ್ಲ. ಆದ್ರ ಕಸದ ಗಾಡಿ ಹೊಡೀತಾನ. ಬ್ಯಾರೆ ಗಾಡಿ ಹತ್ತಿದ ದಿನ ಹೇಳ್ರಿ, ಅವತ್ತ ಸಕ್ಕರಿ-ಪುಟಾಣಿ ಹಂಚಿ ಮಾತು ಗಟ್ಟಿ ಮಾಡಿಬಿಡೋಣು" ಅಂದುಬಿಟ್ಟಿದ್ದ. ದೇವರು ಕಣ್ಣು ತೆರೆದಂತೆ ಪುರಸಭೆ ಸಾಹೇಬರ ಜೀಪಿನ ಡ್ರೈವರ್ ಹೋದ ತಿಂಗಳಷ್ಟೇ ನಿವೃತ್ತನಾಗಿದ್ದ. ಹೆಲ್ತ್ ಇನ್‌ಸ್ಪೆಕ್ಟರ್ ಗೋವಿಂದರಾಜ ಹುಲಿಗೇಶನನ್ನು ಬದಿಗೆ ಕರೆದು, "ಸೋಮವಾರ ಸಾಹೇಬ್ರು ನಿನ್ನ ಕೆಲಸಾ ನೋಡಾಕ ಬರ್ತಾರ. ಮೆಚ್ಚಿದ್ರ ನಿನ್ನ ಗಾಡಿ ಬದಲಿ ಆದಂಗ ತಿಳಕೊ" ಎಂದಿದ್ದರು.

ಈಗ ನೋಡಿದರೆ ಹಾಡೇ ಇಲ್ಲ. ಹಾಡಿಲ್ಲದೆ ಕಸದ ಗಾಡಿ ಬಂದರೆ ಯಾವ ಮನೆಯ ಬಕೆಟ್ಟೂ ಹೊರಗೆ ಬರುವುದಿಲ್ಲ. ಹುಲಿಗೇಶ ಓಡಿದ್ದು ಅಬ್ದುಲಸಾಬನ ಮನೆಗೆ. ಅಬ್ದುಲಸಾಬನದು ಹಗಲು ಮೊಬೈಲ್ ಅಂಗಡಿ, ನಾಟಕ ಬಂದರೆ ಹಾರ್ಮೋನಿಯಂ ಪೇಟಿ ನುಡಿಸುವ ಮಾಸ್ತರಿಕೆ.

"ತಮ್ಮಾ, ಇಷ್ಟು ಲಗೂನ ಎಲ್ಲಿಂದ ತರ್ಲಿ? ಆನೆಗುಂದಿ ನೋಡಾಕ ಬಂದಿದ್ದ ಫಾರಿನ್‌ನಾಂವ ಒಬ್ಬ ಬಿಟ್ಟು ಹೋದ ಪೆನ್‌ಡ್ರೈವ್ ಐತಿ. ಇದಕ್ಕ ಬರೋಕ್ ಸಂಗೀತ ಅಂತಾರಂತ. ಮುನ್ನೂರು ವರ್ಷದ ಹಿಂದಿಂದು. ನಾಲ್ಕೈದು ಮಂದಿ ಒಂದ ಖೋಲ್ಯಾಗ ಕುಂತು ಪಿಟೀಲು ನುಡಿಸೋದು."

"ಇದನ್ನ ಕೇಳಿ ಮಂದಿ ಹೊರಗ ಬರ್ತಾರೇನ್ರಿ ಚಾಚಾ?"

ಅಬ್ದುಲಸಾಬ ಪೇಟಿಯ ಮೇಲೆ ಬೆರಳಿಟ್ಟು ಸುರ ಹುಡುಕಿದ. "ಎರಡ ತುಕಡಿ ಅದಾವ. ಎರಡರ ಶ್ರುತಿನೂ ಒಂದ, ಪೇಟಿಯ ಎರಡನೇ ಬಿಳಿ ಮನಿ. ಮೊದಲನೇದು ಭಾಳ ಸಾವಕಾಶ, ಗಂಧಾರ ಕೋಮಲ. ಕೇಳಿದ್ರ ಎದಿ ಹಿಂಡತೈತಿ. ಎರಡನೇದರ ಗಂಧಾರ ಶುದ್ಧ, ಲಯ ಜೋರು. ಕಾಲು ನಿಂತಲ್ಲಿ ನಿಲ್ಲಂಗಿಲ್ಲ. ನೀ ಎರಡನೇದು ಹಾಕು. ಮೊದಲನೇದರ ತಂಟೆಕ ಹೋಗಬ್ಯಾಡ."

ಮಾತು ಛಲೋ ಇತ್ತು. ಆದರೆ ಗಾಡಿಯ ಸ್ಪೀಕರಿಗೆ ಇದ್ದದ್ದು ಒಂದೇ ಗುಂಡಿ. ಒತ್ತಿದರೆ ಮೊದಲಿನಿಂದಲೇ ಶುರು, ಮುಗಿದರೆ ತಿರುಗಿ ಮೊದಲಿನಿಂದ.

ಓಣಿಯ ಬಾಯಲ್ಲಿ ಹುಲಿಗೇಶ ಗುಂಡಿ ಒತ್ತಿದ. ಪಿಟೀಲು ಸಣ್ಣಗೆ, ಉದ್ದಕ್ಕೆ ಅಳತೊಡಗಿತು. ಅದರ ಹಿಂದೆ ಇನ್ನೊಂದು ದಪ್ಪ ದನಿಯ ಪಿಟೀಲು ಸಮಾಧಾನ ಹೇಳಲು ಬಂದು ತಾನೂ ಅತ್ತಿತು.

ಆ ಊರಲ್ಲಿ ಸ್ಪೀಕರ್ ಹಾಕಿಕೊಂಡು ಓಣಿಗೆ ಬರುವ ಪುರಸಭೆ ಗಾಡಿ ಎರಡೇ. ಒಂದು ಕಸದ್ದು, ಇನ್ನೊಂದು ಹೆಣ ಒಯ್ಯುವ ಮುಕ್ತಿವಾಹನ. ಈ ದನಿ ಕಸದ್ದಲ್ಲ ಎಂಬುದು ಸಣ್ಣ ಕೂಸಿಗೂ ಗೊತ್ತಾಯಿತು. ಹೆಣ ಹಾಯುವಾಗ ಬಾಗಿಲು ತೆರೆದಿಡಬಾರದು. ಧಡ ಧಡ ಎಂದು ಬಾಗಿಲುಗಳು ಬಿದ್ದವು. ಗಾಡಿ ಮುಂದೆ ಸರಿದ ಮೇಲೆ ಒಬ್ಬೊಬ್ಬರೇ ಕದ ತೆರೆದು, ತಲೆ ಎತ್ತದೆ, ಹೆಣ ಹಾದ ಮೈಲಿಗೆ ಕಳೆಯಲೆಂದು ಅಂಗಳಕ್ಕೆ ಒಂದು ಚೊಂಬು ನೀರು ಚೆಲ್ಲಿ ಮತ್ತೆ ಒಳಗಾದರು. ಕಸದ ಒಂದು ಕಡ್ಡಿಯೂ ಗಾಡಿಗೆ ಬೀಳಲಿಲ್ಲ.

ಭೀಮಕ್ಕ ಮಾತ್ರ ಬಾಗಿಲು ಹಾಕಲಿಲ್ಲ. ಎದುರುಮನೆಯ ಹುಲಿಗವ್ವ ತಿಂಗಳಿಂದ ಕೆಮ್ಮುತ್ತಿದ್ದಳು, ಪಿಟೀಲು ಬಂದು ನಿಂತದ್ದೂ ಅವಳ ಮನೆ ಮುಂದೆಯೇ. ಇನ್ನೇನು ಬೇಕು? ಸೆರಗು ಕಣ್ಣಿಗೊತ್ತಿಕೊಂಡು, ಎದೆ ಬಡಿದುಕೊಳ್ಳುತ್ತ ಬಂದೇ ಬಿಟ್ಟಳು.

"ಹೋದೇನ ನನ್ನವ್ವಾ! ಇನ್ನ ಯಾರ ಕೂಡ ಜಗಳಾಡ್ಲೇ ಹುಲಿಗೀ! ನಿನ್ನ ಕರಿ ಕೋಳಿ ನಾಯಿ ಒಯ್ಯಲಿಲ್ಲ ನನ್ನವ್ವಾ, ನಾನ ಸಾರು ಮಾಡಿ ಉಂಡೆ! ಹೊಟ್ಯಾಗ ಹಾಕ್ಕೊಂಡು ಹೋಗ ನನ್ನ ತಾಯೀ!"

ಎದುರಿನ ಬಾಗಿಲು ತೆರೆಯಿತು. ಹುಲಿಗವ್ವ ಕಸದ ಬಕೆಟ್ಟು ಹಿಡಿದು ನಿಂತಿದ್ದಳು.

"ಯಾವ ಕೋಳಿ?"

ಭೀಮಕ್ಕ ಮೊದಲು ದೆವ್ವ ಅಂದುಕೊಂಡು ಚೀರಿದಳು. ಬಕೆಟ್ಟು ತಲೆಯ ಮೇಲೆ ಬೋರಲು ಬಿದ್ದಾಗ ಗೆಳತಿ ಬದುಕಿದ್ದಾಳೆಂದು ಖಾತ್ರಿಯಾಯಿತು.

"ಯಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಸಾಹೇಬ್ರು ಬರೋ ಹೊತ್ತು!" ಎಂದು ಹುಲಿಗೇಶ ನಡುವೆ ಹೋದ. ಎರಡೂ ಕಡೆಯಿಂದ ಒಂದೊಂದು ಬಿತ್ತು.

ಅಷ್ಟರಲ್ಲಿ ಎರಡನೇ ತುಕಡಿ ಶುರುವಾಯಿತು ನೋಡಿ! ಪಿಟೀಲುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡತೊಡಗಿದವು. ಜಗಳದ ಏಟುಗಳೂ ಅದೇ ತಾಳಕ್ಕೆ ಬೀಳತೊಡಗಿದವು. ಇದು ಹೆಣದ್ದಲ್ಲ, ಕಸದ ಗಾಡಿಯೇ ಎಂದು ತಿಳಿದು, ಅದು ಹೊರಟೇ ಹೋಯಿತೋ ಏನೋ ಎಂಬ ಗಾಬರಿಗೆ ಓಣಿಗೆ ಓಣಿಯೇ ಬಕೆಟ್ಟು ಹಿಡಿದು ಓಡಿಬಂತು. ಬ್ಯಾಂಕಿನ ಶ್ವೇತಾ ಊಟದ ಡಬ್ಬಿಯನ್ನು ಗಾಡಿಗೆ ಎಸೆದು, ಕಸದ ಚೀಲವನ್ನು ಸ್ಕೂಟಿಗೆ ಸಿಗಿಸಿಕೊಂಡು ಹೋಗಿಬಿಟ್ಟಳು. ಹತ್ತೇ ನಿಮಿಷಕ್ಕೆ ಗಾಡಿ ತುಂಬಿ ತುಳುಕಿತು. ಹುಲಿಗೇಶನ ಮುಖ ಅರಳಿತು. ಮನಸ್ಸಿನಲ್ಲೇ ಜೀಪಿನ ಕನ್ನಡಿ ಸರಿಮಾಡಿಕೊಳ್ಳುತ್ತ ಸರ್ಕಲ್ಲಿಗೆ ಬಂದ.

ಸರ್ಕಲ್ಲಿನಲ್ಲಿ ಸಾಹೇಬರು ಗೋವಿಂದರಾಜರ ಜೊತೆ ನಿಂತಿದ್ದರು. ಗಾಡಿ ನಿಂತಿತು, ತುಕಡಿ ಮುಗಿಯಿತು. ತಿರುಗಿ ಮೊದಲಿನಿಂದ ಅಳು ಶುರು!

ಚಹಾದಂಗಡಿಯವರು ಕಪ್ಪು ಕೆಳಗಿಟ್ಟು ಎದ್ದು ನಿಂತರು. ಕುಷ್ಟಗಿ ಬಸ್ಸು ನಿಂತಿತು, ಒಳಗಿದ್ದವರು ಕೈಮುಗಿದರು. ಸಾಹೇಬರು ಚಷ್ಮಾ ತೆಗೆದರು. ಮುಗೀತು ನನ್ನ ಕತೆ, ಎಂದುಕೊಂಡ ಹುಲಿಗೇಶ.

"ನಮ್ಮಪ್ಪ ನೆನಪಾದ್ರೋ..." ಸಾಹೇಬರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. "ಇದನ್ನ ಯಾರು ಆರಿಸಿದ್ದು?"

"ನಾನ ರೀ, ತಪ್ಪಾತ್ರಿ..."

"ತಪ್ಪಲ್ಲೋ ಮಾರಾಯಾ! ಗೋವಿಂದರಾಜ, ಇಂಥಾ ಮನುಷ್ಯಾನ್ನ ಕಸದ ಗಾಡಿ ಮ್ಯಾಲೆ ಇಟ್ಟೀರಲ್ಲ! ಇವತ್ತ ಇವನ ಗಾಡಿ ಬದಲಿ ಮಾಡ್ರಿ."

ಹುಲಿಗೇಶನಿಗೆ ನೆಲ ಕಾಣಲಿಲ್ಲ. ನಿಂತಲ್ಲೇ ಕುಕನೂರಿಗೆ ಫೋನು ಹಚ್ಚಿದ. "ಮಾವಾರ, ಗಾಡಿ ಬದಲಾತ್ರಿ!"

"ಹೌದೇನೋ ಅಳಿಯಾ!" ಅಳಿಯಾ ಅಂದುಬಿಟ್ಟ ಯಮನೂರಪ್ಪ! "ಗಂಗಾ, ಬಾಗಲಾ ತಗೀ, ಓಣಿಗೆಲ್ಲಾ ಸಕ್ಕರಿ ಹಂಚು!"

ಮಧ್ಯಾಹ್ನ ಗೋವಿಂದರಾಜ ಆರ್ಡರಿನ ಜೊತೆ ಕೀಲಿ ಕೈಗಿಟ್ಟರು. "ಮುಕ್ತಿವಾಹನದ ಓಬಳೆಪ್ಪ ಹೆಣದ ಗಾಡ್ಯಾಗ ಕುಣಿಯೋ ಹಾಡು ಹಾಕ್ತಾನ ಅಂತ ಭಾಳ ದೂರು ಬಂದಿದ್ದುವು. ಅವಂಗ ಸಾಹೇಬ್ರ ಜೀಪು, ನಿನಗ ಅವನ ಗಾಡಿ. ಆ ಪಿಟೀಲು ಮಾತ್ರ ಮರೀಬ್ಯಾಡಪಾ, ಆರ್ಡರಿನಾಗ ಬರದೈತಿ."

ಹುಲಿಗೇಶ ಕೀಲಿಯನ್ನೂ ಕಾಗದವನ್ನೂ ನಾಲ್ಕು ಸಲ ನೋಡಿದ. ಸುಳ್ಳು ಹೇಳುವ ಜಾಣತನ ಅವನಿಗೆ ಇರಲಿಲ್ಲ. ಮತ್ತೆ ಫೋನು ಮಾಡಿ, ಯಾವ ಗಾಡಿ ಎಂದು ಹೇಳಿದ.

ಯಮನೂರಪ್ಪ ಮೆಲ್ಲಗೆ, "ಕಸದ ಗಾಡಿನ ಛಲೋ ಇತ್ತಲ್ಲೋ ತಮ್ಮಾ. ಅದು ಮನಿ ಮುಂದ ನಿಂತ್ರ ಯಾರೂ ಅಳ್ತಿದ್ದಿಲ್ಲ" ಅಂದ.

ಫೋನಿನೊಳಗಿಂದ ಬಾಗಿಲು ಹಾಕಿದ ಸಪ್ಪಳ ಕೇಳಿಸಿತು. ಸ್ವಲ್ಪ ಹೊತ್ತಿಗೆ ಆ ಬಾಗಿಲು ಮತ್ತೆ ತೆರೆಯಿತು. ಗಂಗಾ ಅಪ್ಪನ ಮನಸ್ಸು ಬದಲಿಸಿ ಬಂದಳೆಂದು ಹುಲಿಗೇಶ ಫೋನನ್ನು ಕಿವಿಗೆ ಒತ್ತಿ ಹಿಡಿದ. ಅಂಗಳಕ್ಕೆ ಒಂದು ಚೊಂಬು ನೀರು ಚೆಲ್ಲಿದ್ದು ಸ್ಪಷ್ಟವಾಗಿ ಕೇಳಿಸಿತು.