ಮೂರು ಶಾಯಿ, ಒಂದು ಬಿಳಿ ಕೋಟು

ಪುಕ್ಕಲು ಮನುಷ್ಯನ ಕೈಗೆ ಪೆನ್ನು ಕೊಟ್ಟರೆ ಏನಾದರೊಂದು ಆಗದೆ ಇರುವುದಿಲ್ಲ. ನನಗಂತೂ ಮುಂಬಯಿಯ ಮೊದಲ ವರ್ಷದಲ್ಲಿ ಮೇಲಿಂದ ಮೇಲೆ ಆಯಿತು.

ಐವತ್ತರ ದಶಕದ ಮಾತು. ಧಾರವಾಡದಿಂದ ಹೋಗಿ ಫೋರ್ಟ್ ಭಾಗದ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಊರಲ್ಲಿ ಹೆಣ್ಣು ಗೊತ್ತಾಗಿತ್ತು. ಆದರೆ ಹೆಣ್ಣಿನ ತಂದೆ, "ಖಾಯಂ ಆದ ಆರ್ಡರ್ ತೋರಸ್ರಿ, ಆಮ್ಯಾಲೆ ಅಕ್ಕಿಕಾಳು" ಎಂದು ಖಡಾಖಂಡಿತ ಹೇಳಿಬಿಟ್ಟಿದ್ದರು. ಆ ಆರ್ಡರ್ ಬರಬೇಕಾದರೆ ನಮ್ಮ ಹೆಡ್‌ಕ್ಲಾರ್ಕ್ ಒಳ್ಳೆಯ ಮಾತು ಬರೆಯಬೇಕು. ಅವರು ಮೈಸೂರಿನವರು. ಬಿಳಿ ಡ್ರಿಲ್ ಬಟ್ಟೆಯ ಕೋಟು, ಕರಿ ಟೋಪಿ. ಪಕ್ಕದ ಕೋಣೆಯಲ್ಲಿ ಅವರು ಕೆಮ್ಮಿದರೆ ಇಲ್ಲಿ ನನ್ನ ಕೈ ನಡುಗುತ್ತಿತ್ತು.

ಅಂಧೇರಿಯ ಚಾಳಿನಲ್ಲಿ ನನ್ನ ಖೋಲಿಯ ಜೊತೆಗಾರರು ಉಡುಪಿ ಕಡೆಯ ಒಬ್ಬ ಭಟ್ಟರು. ಗ್ರಾಂಟ್ ರೋಡಿನ ಪೆನ್ನಿನ ಅಂಗಡಿಯೊಂದರಲ್ಲಿ ಅವರಿಗೆ ಕೆಲಸ. ಭಾನುವಾರ ಬಂತೆಂದರೆ ಕಿಟಕಿಯ ಕಟ್ಟೆಯ ಮೇಲೆ ಶಾಯಿಯ ಬಾಟಲಿಗಳನ್ನು ಸಾಲಾಗಿ ಇಟ್ಟು, ಒಂದೊಂದರಲ್ಲೂ 'ಶ್ರೀ' ಎಂದು ಬರೆದು, ಮೇಲೆ ಒಂದು ಹನಿ ನೀರು ಬಿಟ್ಟು, "ಇದು ಓಡ್ತದೆ, ಇದು ನಿಲ್ತದೆ, ಇದು ನಿಬ್ಬು ತಿಂತದೆ" ಎಂದು ತೀರ್ಪು ಕೊಡುವುದು ಅವರ ಸಂಧ್ಯಾವಂದನೆಯಷ್ಟೇ ಶ್ರದ್ಧೆಯ ಕೆಲಸ. ಶಾಯಿಗಳ ಕೊನೆಯ ಪರೀಕ್ಷೆ ಮಾತ್ರ ನನ್ನ ಪೆನ್ನಿನಲ್ಲಿ ನಡೆಯುತ್ತಿತ್ತು.

ತಿಳಿನೀಲಿ

ಖಾಯಂ ಮಾಡಿರೆಂದು ಅರ್ಜಿ ಬರೆಯಬೇಕಾಗಿ ಬಂತು. ಭಟ್ಟರು ತಿಳಿನೀಲಿ ತುಂಬಿಕೊಟ್ಟರು. "ಬೆಣ್ಣೆ ಹಾಗೆ ಬರೀತದೆ ಮಾರಾಯ್ರೇ. ಒಂದೇ ತೊಂದರೆ, ನೀರು ತಾಗಬಾರ್ದು."

ನೀರು ತಾಗಬಾರದ ಶಾಯಿಯಲ್ಲಿ ಜುಲೈ ತಿಂಗಳಲ್ಲಿ ಅರ್ಜಿ ಬರೆದ ಮಹಾನುಭಾವ ನಾನು. ಅಂಧೇರಿ ಸ್ಟೇಷನ್ನಿಗೆ ಓಡುವಾಗಲೇ ಮಳೆ ಹಿಡಿಯಿತು. ಕಾಗದವನ್ನು ಅಂಗಿಯ ಒಳಗೆ, ಎದೆಗೆ ಅವಚಿ ಇಟ್ಟುಕೊಂಡೆ. ಲೋಕಲ್‌ನಲ್ಲಿ ನಿಂತಿದ್ದಷ್ಟು ಹೊತ್ತೂ ಎದೆ ತಣ್ಣಗೆ ಕೊರೆಯುತ್ತಿತ್ತು, ಭಯಕ್ಕೇ ಹಾಗಾಗುತ್ತಿದೆ ಎಂದುಕೊಂಡೆ.

ಹೆಡ್‌ಕ್ಲಾರ್ಕ್ ಮುಂದೆ ಅರ್ಜಿ ಹೊರತೆಗೆದರೆ ಅದರಲ್ಲಿ ಒಂದು ಅಕ್ಷರವೂ ಉಳಿದಿರಲಿಲ್ಲ.

"ಏನ್ರೀ ಇದು?"

"ಅರ್ಜಿ ರೀ ಸರ."

"ಅಕ್ಷರ ಎಲ್ರೀ?"

ಎದೆಯ ಕಡೆ ಬೆರಳು ತೋರಿಸಿದೆ. ಒದ್ದೆ ಅಂಗಿಯೊಳಗೆ ಬನಿಯನ್ನಿನ ಮೇಲೆ ಸಾಲುಸಾಲಾಗಿ ನೀಲಿ ಅಕ್ಷರ. ಅವರು ಕನ್ನಡಕ ಏರಿಸಿ, ಬಗ್ಗಿ, ಬಲದಿಂದ ಎಡಕ್ಕೆ ನಿಧಾನವಾಗಿ ಓದಿದರು. ಇವತ್ತಿಗೆ ನನ್ನ ಕೆಲಸ ಹೋಯಿತು, ಮದುವೆಯೂ ಹೋಯಿತು ಎಂದು ಕಣ್ಣು ಮುಚ್ಚಿ ನಿಂತೆ.

"ತಿರುಗಾಮುರುಗಾ ಇದೆ, ಇರಲಿ, ವಿಷಯ ಗೊತ್ತಾಗುತ್ತೆ" ಎಂದರು. "ಆದ್ರೆ ಮೂರು ಪ್ರತಿ ಬೇಕು ಅಂದಿದ್ನಲ್ಲ, ಮಿಕ್ಕ ಎರಡು ಬನಿಯನ್ ಎಲ್ಲಿ?"

ಕಡುನೀಲಿ

ಇನ್ನು ಮೇಲೆ ನೀರಿಗೆ ಜಗ್ಗದ ಶಾಯಿಯೇ ಬೇಕು ಎಂದು ಭಟ್ಟರ ಹತ್ತಿರ ಹಟ ಹಿಡಿದೆ. ಅವರು ಕಡುನೀಲಿ ಕೊಟ್ಟರು. "ಇದು ಬರೆಯುವಾಗ ಪೇಲವ ಕಾಣ್ತದೆ, ಹೆದರಬೇಡಿ. ಹೊತ್ತು ಹೋದ ಹಾಗೆ ಕಪ್ಪಾಗ್ತದೆ. ಆಮೇಲೆ ದೇವರು ಬಂದರೂ ಹೋಗುವುದಿಲ್ಲ. ನಿಬ್ಬಿನಲ್ಲಿ ಸ್ವಲ್ಪ ಕಟ್ಟಿಕೊಳ್ತದೆ, ಒಮ್ಮೆ ಕೊಡವಿ ಝಾಡಿಸಿದರಾಯ್ತು."

ಮರುದಿನ ಬೆಳಿಗ್ಗೆಯೇ ಕಟ್ಟಿಕೊಂಡಿತು. ಝಾಡಿಸಿದೆ. ಅದೇ ಗಳಿಗೆಗೆ ಹೆಡ್‌ಕ್ಲಾರ್ಕ್ ನನ್ನ ಮುಂದಿನಿಂದ ಹಾದುಹೋದರು. ಬಿಳಿ ಕೋಟಿನ ಬೆನ್ನ ಮೇಲೆ ಐದು ಹನಿ.

ಅವರಿಗೆ ತಿಳಿಯಲಿಲ್ಲ. ಹನಿಗಳೂ ಆಗ ಮಬ್ಬಾಗಿಯೇ ಇದ್ದವು. ಹನ್ನೊಂದು ಗಂಟೆಗೆ ಒಂದಿಷ್ಟು ನೀಲಿಯಾದವು. ಊಟದ ಹೊತ್ತಿಗೆ ದೂರದಿಂದ ಎಣಿಸುವ ಹಾಗಾದವು. ನಾನು ಫೈಲು ಹಿಡಿದು ಅವರ ಬೆನ್ನ ಹಿಂದೆಯೇ ತಿರುಗಿದೆ, ಬೇರೆ ಯಾರ ಕಣ್ಣಿಗೂ ಬೀಳದಿರಲೆಂದು. ಅವರು ನೀರು ಕುಡಿಯಲು ಎದ್ದರೆ ನಾನೂ ಎದ್ದೆ. "ಏನ್ರೀ, ಬಾಲದ ಹಾಗೆ ಬರ್ತೀರಿ?" ಎಂದರು. ನಾಲ್ಕು ಗಂಟೆಗೆ ಐದೂ ಹನಿ ಕಾಡಿಗೆಯಷ್ಟು ಕಪ್ಪು.

ಮಾರನೆಯ ದಿನ ಅವರು ಸಾಕ್ಷಿಗೆಂದು ಆ ಕೋಟು ಹಾಕಿಕೊಂಡೇ ಬಂದರು. ಮುಖ ಕೆಂಪಗಾಗಿತ್ತು. "ಲೋಕಲ್‌ನಲ್ಲಿ ಯಾವನೋ ಅವಿವೇಕಿ ಪೆನ್ನು ಝಾಡಿಸಿದ್ದಾನೆ. ರೈಲ್ವೆಯವರಿಗೆ ದೂರು ಕೊಡೋಣ. ನಾನು ಹೇಳ್ತೀನಿ, ನೀವು ಬರೀರಿ."

ಹೋದ ಜೀವ ಬಂದಂತಾಯಿತು. ಲೋಕಲ್‌ಗೆ ಮನಸ್ಸಿನಲ್ಲೇ ಕೈಮುಗಿದು ಬರೆಯತೊಡಗಿದೆ. ಎರಡು ಸಾಲು ಬರೆಯುವಷ್ಟರಲ್ಲಿ ಪೆನ್ನು ನಿಂತಿತು. ರೂಢಿಯಂತೆ ಝಾಡಿಸಿದೆ.

ಈ ಸಲ ಕೋಟಿನ ಎದೆಗೆ. ಅವರು ಹನಿಗಳನ್ನು ನೋಡಿದರು, ಪೆನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಹಳ ಮೆತ್ತಗೆ ಕೇಳಿದರು:

"ಇದು ಯಾವ ಲೋಕಲ್ರೀ?"

ಹಸಿರು

ಹೆಡ್‌ಕ್ಲಾರ್ಕ್ ಹೊಸ ಕೋಟು ಹೊಲಿಸಿಕೊಂಡರು. ನಾನು ಊರಿಗೆ ಪತ್ರ ಬರೆಯುವುದನ್ನೇ ಬಿಟ್ಟೆ, ಖಾಯಂ ಆಗುವ ಆಸೆ ಉಳಿದಿರಲಿಲ್ಲ.

ಅಷ್ಟರಲ್ಲಿ ನನ್ನ ಫೈಲು ಬಂತು. ಹೆಡ್‌ಕ್ಲಾರ್ಕ್ ಅಭಿಪ್ರಾಯ ಬರೆದಿದ್ದರು: 'ಕೆಲಸ ಚೊಕ್ಕ. ಪೆನ್ನು ಹಿಡಿಯಲು ಬಾರದು. ಖಾಯಂ ಮಾಡುವುದು ತಮ್ಮ ಚಿತ್ತ.' ಅದನ್ನು ಓದಿದ್ದೇನೆ ಎಂದು ನಾನು ಮಗ್ಗುಲಲ್ಲಿ ಚಿಕ್ಕ ಸಹಿ ಹಾಕಬೇಕು, ಆಮೇಲೆ ಫೈಲು ದೊಡ್ಡ ಸಾಹೇಬರಿಗೆ ಹೋಗಬೇಕು. ಗಡಿಬಿಡಿಯಲ್ಲಿ ಸಹಿ ಹಾಕಿದೆ. ಮಗ್ಗುಲಲ್ಲಿ ಹಾಕಬೇಕಾದದ್ದನ್ನು ಅಭಿಪ್ರಾಯದ ಕೆಳಗೇ ಹಾಕಿದೆ. ನೋಡಿದರೆ ಬಣ್ಣ ಹಸಿರು!

ಭಟ್ಟರು ಬೆಳಿಗ್ಗೆ ಪೆನ್ನು ತೊಳೆದು, "ಹೊಸ ಮಾಲು, ಕಾಗದದ ಮೇಲೆ ಚೂರೂ ಹರಡುವುದಿಲ್ಲ" ಎಂದು ತುಂಬಿಕೊಟ್ಟಿದ್ದರು. ಬಣ್ಣ ಯಾವುದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಆಫೀಸಿನಲ್ಲಿ ಹಸಿರು ಶಾಯಿ ಎಂದರೆ ದೊಡ್ಡ ಸಾಹೇಬರೊಬ್ಬರದೇ. ಅಭಿಪ್ರಾಯದ ಕೆಳಗೆ ಹಸಿರು ಸಹಿ ಬಿತ್ತೆಂದರೆ ಮಂಜೂರಾಯಿತು ಎಂದೇ ಅರ್ಥ. ಅಂದರೆ ನನ್ನನ್ನು ನಾನೇ ಖಾಯಂ ಮಾಡಿಕೊಂಡುಬಿಟ್ಟಿದ್ದೆ.

ಹೆಡ್‌ಕ್ಲಾರ್ಕ್ ನೋಡಿದವರೇ ಬಿಳಿಚಿಕೊಂಡರು. "ಅಯ್ಯೋ ಪುಣ್ಯಾತ್ಮ, ನನ್ನ ಮರ್ಯಾದೆಯನ್ನೂ ತೆಗೆದ್ರಲ್ರೀ! ಬನ್ನಿ, ಇಬ್ಬರೂ ಹೋಗಿ ತಪ್ಪಾಯ್ತು ಅನ್ನೋಣ."

ಸಾಹೇಬರು ಪಾರಸಿ, ಅವರ ಮಾತೆಲ್ಲ ಇಂಗ್ಲಿಷು. ಫೈಲನ್ನು ಕಣ್ಣಿನ ಹತ್ತಿರ ಹಿಡಿದರು. ಮೇಜಿನ ಮೇಲಿದ್ದ ತಮ್ಮ ಸಹಿಯ ಕಾಗದವೊಂದನ್ನು ಪಕ್ಕಕ್ಕೆ ಇಟ್ಟುಕೊಂಡರು. ಎರಡನ್ನೂ ಮತ್ತೆ ಮತ್ತೆ ಹೋಲಿಸಿದರು.

"ಇದು ನನ್ನ ಸಹಿ ಅಲ್ಲ" ಎಂದರು. "ನನ್ನ ಶಾಯಿ ಹರಡುತ್ತದೆ. ಇದು ಹರಡಿಲ್ಲ."

ಮುಗಿಯಿತು ಎಂದುಕೊಂಡೆ.

"ಯಾವ ಅಂಗಡಿ?"

"ಗ್ರಾಂಟ್ ರೋಡು, ಸರ್."

"ನಾಳೆ ನನಗೊಂದು ಬಾಟಲಿ ತರಿಸಿ. ಎಲ್ಲಿ, ಆ ಪೆನ್ನು ಕೊಡಿ ಇಲ್ಲಿ."

ಕೊಟ್ಟೆ. ನನ್ನ ಸಹಿಯನ್ನು ಹೊಡೆದುಹಾಕಿ, 'ಖಾಯಂ ಮಾಡಿದೆ' ಎಂದು ಬರೆದರು. ತಮ್ಮ ಸಹಿಗೆ ಬರುವ ಹೊತ್ತಿಗೆ ಪೆನ್ನು ನಿಂತಿತು. ಬೇಡ ಸರ್ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಝಾಡಿಸಿಯೇಬಿಟ್ಟರು.

ಹೆಡ್‌ಕ್ಲಾರ್ಕರ ಹೊಸ ಕೋಟಿನ ಎದೆಯಿಂದ ಹೊಟ್ಟೆಯವರೆಗೆ ಹಚ್ಚ ಹಸಿರು ಹನಿ. ಸಹಿ ಮುಗಿಸಿ ತಲೆಯೆತ್ತಿದ ಸಾಹೇಬರು ಕೋಟನ್ನೇ ದಿಟ್ಟಿಸಿ, "ಇದೇನಿದು, ನಿಮ್ಮ ಕೋಟಿಗೆ?" ಎಂದು ಗದರಿದರು.

ಹೆಡ್‌ಕ್ಲಾರ್ಕ್ ಸೆಟೆದು ನಿಂತರು. ಅವರ ಕೈಯೂ ನಡುಗುವುದನ್ನು ನಾನು ಮೊದಲ ಸಲ ಕಂಡದ್ದು ಆಗಲೇ.

"ಏನಿಲ್ಲ ಸರ್," ಎಂದರು. "ಬರುವಾಗ ಲೋಕಲ್‌ನಲ್ಲಿ ಯಾರೋ ಝಾಡಿಸಿದರು."