ಸರ್ವರ ಸಲಹೆ ಕೇಳಿ ಗಲ್ಲಾ ಕಳೆದುಕೊಂಡದ್ದು

ನಾನು ವಿಶಾಲ ಮನಸ್ಸಿನ ಮನುಷ್ಯ. ಹೀಗೆಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಮುಂಬೈಯ ಡೊಂಬಿವಲಿ ಸ್ಟೇಷನ್ನಿಗೆ ಹತ್ತಿರವೇ ನನ್ನದೊಂದು ಉಡುಪಿ ಹೋಟೆಲು. ಹೋಟೆಲಿನಲ್ಲಿ ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೂರಬಹುದು, ಒಂದು ಜಾಗ ಬಿಟ್ಟು. ಅದು ಗಲ್ಲಾ. ಗಲ್ಲಾದ ಹಿಂದಿನ ಕುರ್ಚಿಯಲ್ಲಿ ಯಾರು ಕೂರುತ್ತಾನೋ ಅವನೇ ಧಣಿ, ಉಳಿದವರೆಲ್ಲ ಬಂದು ಹೋಗುವವರು ಎಂಬುದು ನಮ್ಮ ಕಸುಬಿನ ವೇದವಾಕ್ಯ. ಜ್ವರ ಬಂದರೂ ಶಾಲು ಹೊದ್ದು ಅಲ್ಲೇ ಕೂತವನು ನಾನು. ಊರಲ್ಲಿ ಮದುವೆಯೋ ಉತ್ತರಕ್ರಿಯೆಯ ಬೊಜ್ಜವೋ ಇದ್ದಾಗ ಮಾತ್ರ, ಬೇರೆ ಗತಿಯಿಲ್ಲದೆ, ನನ್ನ ಹೆಂಡತಿ ವನಜ ಕೂರುತ್ತಿದ್ದಳು.

ಖಾರಘರದಲ್ಲಿ ಇನ್ನೊಂದು ಹೋಟೆಲು ತೆರೆಯಬೇಕೆಂದು ನನಗೆ ಬಹಳ ದಿನದ ಆಸೆ. ಅಲ್ಲಿ ಮುಗಿಲೆತ್ತರದ ಕಟ್ಟಡಗಳು, ಕಾಲೇಜು ಮಕ್ಕಳು, ಆಫೀಸಿನ ಜನ. ಈ ವಿಷಯವನ್ನು ನಮ್ಮ ಬಿಲ್ಡಿಂಗಿನ ಪ್ರಶಾಂತನ ಹತ್ತಿರ ಹೇಳಿದ್ದೇ ನನ್ನ ಗ್ರಹಚಾರಕ್ಕೆ ಮೂಲ. ಪ್ರಶಾಂತ ಬೆಂಗಳೂರಿನ ಹುಡುಗ, ಐರೋಲಿಯ ಯಾವುದೋ ಫೈನಾನ್ಸ್ ಕಂಪನಿಯಲ್ಲಿ ಕೆಲಸ. ಮಸಾಲೆ ದೋಸೆ ಮುರಿಯುತ್ತಾ ಅವನು ಹೇಳಿದ:

"ಅಂಕಲ್, ಈಗ ಕಂಪನಿಗಳು ಬಾಗಿಲು ಹಾಕ್ಕೊಂಡು ಸ್ಟ್ರಾಟಜಿ ಮಾಡಲ್ಲ. ಕೆಲಸದವರು, ಗಿರಾಕಿಗಳು, ಸಪ್ಲೈಯರ್ಸು, ಎಲ್ಲರನ್ನೂ ಕೂರಿಸಿ ಕೇಳ್ತಾರೆ. ಹೊರಗಿನವರ ಕಣ್ಣಿಗೆ ನಮಗೆ ಕಾಣದ್ದು ಕಾಣುತ್ತೆ."

ನನಗೆ ಮೈ ಜುಮ್ಮೆಂದಿತು. ಇಷ್ಟು ದಿನ ನಾನು ನಡೆಸುತ್ತಿದ್ದುದು ಬರೀ ಹೋಟೆಲು. ಇನ್ನು ಮುಂದೆ ಅದು ಕಾರ್ಯತಂತ್ರವುಳ್ಳ ಸಂಸ್ಥೆ!

ವನಜಳಿಗೆ ಹೇಳಿದೆ. ಮನೆಯಲ್ಲಿ ನಮ್ಮದು ತುಳು. ಅವಳು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ತುಳುವಿನಲ್ಲಿ ಖಾರ ಸ್ವಲ್ಪ ಜಾಸ್ತಿಯಿತ್ತು. "ಮನೆಗೆ ಯಾವ ಬಣ್ಣ ಬಳಿಸುವುದು ಅಂತ ನನ್ನ ಹತ್ರ ಒಂದು ಮಾತು ಕೇಳಿದವರಲ್ಲ ನೀವು. ಈಗ ಊರಿಡೀ ಕರೆದು ಕೇಳುವುದಂತೆ."

"ಅದು ಮನೆ ವಿಷಯ, ಇದು ಸ್ಟ್ರಾಟಜಿ" ಎಂದೆ. ಅವಳು ಬಾಯಿ ಮುಚ್ಚಿದಳು. ಒಪ್ಪಿದಳೆಂದು ತಿಳಿದೆ.

ನಿಜ ಹೇಳಬೇಕೆಂದರೆ ನಿರ್ಧಾರ ಆಗಲೇ ಆಗಿಹೋಗಿತ್ತು. ಖಾರಘರಕ್ಕೆ ಹೋಗುವುದೇ ಸೈ. ಬಂದವರೆಲ್ಲ ತಲೆಯಾಡಿಸಿ ಚಪ್ಪಾಳೆ ತಟ್ಟುವುದಷ್ಟೇ ಬಾಕಿ. ಅದಕ್ಕೆ ಉಪ್ಪಿಟ್ಟು, ಶಿರಾ, ಕಾಫಿ ಸಾಕೆಂದು ನನ್ನ ಲೆಕ್ಕಾಚಾರ.

ಇಲ್ಲಿ ನಾನೊಂದು ದೊಡ್ಡ ಎಡವಟ್ಟು ಮಾಡಿದೆ. ಪ್ರಶಾಂತ ಹೇಳಿದ್ದು ಸ್ಟೇಜು ಬೇಡ, ಎಲ್ಲರೂ ಟೇಬಲ್ಲಿನ ಸುತ್ತ ಕೂತು ಮಾತಾಡಲಿ ಎಂದು. ಅಲ್ಲ ಸ್ವಾಮೀ, ಸ್ಟೇಜಿಲ್ಲದೆ ಸಭೆ ಹೇಗಾಗುತ್ತದೆ? ನಾನು ಮುಂಬೈಗೆ ಬಂದಂದಿನಿಂದ ಕನ್ನಡ ಸಂಘಗಳಲ್ಲಿ ಓಡಾಡಿದವನು. ಸಭೆಯೆಂದರೆ ಪ್ರಾರ್ಥನೆ, ಸ್ವಾಗತ, ಅಧ್ಯಕ್ಷರು, ಸೂಚಕರು, ಅನುಮೋದಕರು, ವಂದನಾರ್ಪಣೆ. ಅದಿಲ್ಲದಿದ್ದರೆ ಅದು ಸಂತೆ. ಹಾಗಾಗಿ ನೇರವಾಗಿ ವಿಠಲಣ್ಣನಿಗೆ ಫೋನು ಹಾಕಿದೆ. ಕಲ್ಯಾಣದಿಂದ ಥಾಣೆಯವರೆಗೆ ವಿಠಲಣ್ಣ ಕಾರ್ಯದರ್ಶಿಯಾಗದ ಸಂಘವಿಲ್ಲ. ನಿದ್ದೆಯಲ್ಲಿ ಎಬ್ಬಿಸಿದರೂ "ಅನುಮೋದಿಸುತ್ತೇನೆ" ಎಂದೇ ಏಳುವ ಮನುಷ್ಯ.

"ನಡೆಸಿಕೊಡುವ ಮಾರಾಯ್ರೆ, ಎಲ್ಲ ನಿಯಮಪ್ರಕಾರ ಮಾಡುವ" ಎಂದರು.

ಸೋಮವಾರ ಮಧ್ಯಾಹ್ನ, ಊಟದ ಗದ್ದಲ ಮುಗಿದ ಮೇಲೆ ಶಟರ್ ಅರ್ಧ ಎಳೆದೆವು. ಕೆಲಸದವರು, ಖಾಯಂ ಗಿರಾಕಿಗಳು, ಹಾಲಿನವನು, ತರಕಾರಿಯವನು ಎಲ್ಲ ಬಂದರು. ಉಪ್ಪಿಟ್ಟು ಪುಕ್ಕಟೆ ಎಂಬ ಸುದ್ದಿ ಹಬ್ಬಿ, ನನಗೆ ಗುರುತೇ ಇಲ್ಲದವರೂ ಬಂದರು. ಹೊರಗಿನವರು ಬೇಕೆಂದವನು ನಾನೇ, ಯಾರನ್ನು ಬೇಡ ಎನ್ನಲಿ? ಎರಡು ಟೇಬಲ್ ಜೋಡಿಸಿದ ವೇದಿಕೆಯ ಮೇಲೆ ನಾನು ಅಧ್ಯಕ್ಷ, ಪಕ್ಕದಲ್ಲಿ ವಿಠಲಣ್ಣ. ಪ್ರಾರ್ಥನೆ ಆಯಿತು. ಪ್ರಶಾಂತ ಎದ್ದು, "ಇವತ್ತು ಯಾರೂ ಹೆದರೋದು ಬೇಡ, ಮನಸ್ಸಲ್ಲಿ ಇರೋದನ್ನ ಹೇಳಿ" ಎಂದು ಕೂತ. ಮೈಕು ನನ್ನ ಕೈಗೆ ಬಂತು. ಮೈಕು ಕೈಗೆ ಬಂದರೆ ನಾನು ನನ್ನ ಹಿಡಿತದಲ್ಲಿರುವುದಿಲ್ಲ.

"ಬಂಧುಗಳೇ, ಈ ಹೊತ್ತು ನಾನು ಧಣಿಯಲ್ಲ. ಈ ಮಹಾಸಭೆ ಏನು ತೀರ್ಮಾನಿಸುತ್ತದೋ ಅದೇ ನನ್ನ ತೀರ್ಮಾನ!"

ಭಾರೀ ಚಪ್ಪಾಳೆ. "ಮಾತು ನೆನಪಿರಲಿ" ಎಂದರು ವಿಠಲಣ್ಣ. ಅವರು ನನ್ನನ್ನು ಹೊಗಳಿದ್ದೆಂದು ತಿಳಿದು ಕೈಮುಗಿದೆ.

ಖಾರಘರದ ಪ್ರಸ್ತಾಪ ಮಂಡಿಸಿದೆ. ಮೊದಲು ಎದ್ದವರು ಜೋಶಿ ಕಾಕಾ. ರೇಲ್ವೆಯಿಂದ ರಿಟೈರ್ ಆದ ಮರಾಠಿ ಮುದುಕರು. ಒಂದು ಕಾಫಿ ಹೇಳಿ ಇಡೀ ಪೇಪರು ಓದಿ ಮುಗಿಸುವವರು. "ಅಣ್ಣಾ, ಖಾರಘರ್ ರಾಹೂ ದ್ಯಾ. ಆಧೀ ಸಾಂಬಾರ್ ಗರಮ್ ಕರಾ" ಎಂದರು. ಖಾರಘರ ಇರಲಿ, ಮೊದಲು ಸಾಂಬಾರು ಬಿಸಿ ಮಾಡಿ ಎಂದರ್ಥ. ಎಲ್ಲರೂ ನಕ್ಕರು. ನಾನೂ ದೊಡ್ಡ ಮನಸ್ಸು ಮಾಡಿ ನಕ್ಕೆ.

ಆಮೇಲೆ ಎದ್ದವನು ಮಲ್ಲಪ್ಪ. ನಮ್ಮ ದೋಸೆ ತವಾದವನು, ವಿಜಯಪುರದ ಕಡೆಯವನು. ಹೋಟೆಲಿನಲ್ಲಿ ಅವನು ಬಾಯಿ ಬಿಟ್ಟದ್ದನ್ನೇ ನಾನು ಕಂಡವನಲ್ಲ.

"ಧಣೇರ, ಸಿಟ್ಟಾಗಬ್ಯಾಡ್ರಿ. ಸಾಂಬಾರ ಬಿಸಿ ಮಾಡೂದು ಸಣ್ಣ ಮಾತ್ರಿ. ನೀವು ಗಲ್ಲಾದಾಗ ಕುಂತ್ರಂದ್ರ ಮಂದಿ ಎರಡನೇ ಸಲ ಚಟ್ನಿ ಕೇಳಾಕ ಹೆದರತಾರ್ರಿ. ನಿಮ್ಮ ನೋಟ ನೋಡಿ ಅರ್ಧಾ ತಿಂದು ಎದ್ದು ಹೋಗತಾರ್ರಿ."

ಈಗ ಯಾರಾದರೂ ಅವನನ್ನು ಗದರಿಸುತ್ತಾರೆಂದು ಕಾದೆ. ಗದರಿಸುವುದು ಹಾಗಿರಲಿ, "ಬರಾಬರ್!" ಎಂದು ಹಿಂದಿನಿಂದ ಕೂಗಿದವನು ನಮ್ಮ ಹಾಲಿನವನು. ಅಲ್ಲಿಂದ ಕಟ್ಟೆ ಒಡೆಯಿತು. ಒಬ್ಬರ ಹೆಂಡತಿಯ ಎದುರು ನಾನು, ಇನ್ನಷ್ಟು ಸಕ್ಕರೆ ಕೇಳಿದ ಅವರ ಮಗುವಿಗೆ, ಜಾಸ್ತಿ ಒಳ್ಳೆಯದಲ್ಲ ಎಂದೆನಂತೆ. ಇನ್ನೊಬ್ಬರು ಫೋನಿನಲ್ಲಿ ಮಾತಾಡುತ್ತಾ ಕೂತಾಗ ತಲೆಯ ಮೇಲಿನ ಫ್ಯಾನು ಆರಿಸಿದೆನಂತೆ. ಆರಿಸಿದ್ದು ಹೌದು. ಆದರೆ ಅದು ಯಾರಿಗೂ ಗೊತ್ತಾಗಿಲ್ಲ ಎಂದೇ ಇಷ್ಟು ದಿನ ಅಂದುಕೊಂಡಿದ್ದೆ.

ಕೊನೆಗೆ ಒಬ್ಬಳು ಕಾಲೇಜು ಹುಡುಗಿ ಎದ್ದಳು. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ, ಮಾತು ಅರ್ಧ ಹಿಂದಿ. "ಅಂಕಲ್, ಬುರಾ ಮತ್ ಮಾನಿಯೇ, ಬೇಜಾರು ಮಾಡ್ಬೇಡಿ. ನಮ್ಮದು ಒಂದು ವಾಟ್ಸಾಪ್ ಗ್ರೂಪ್ ಇದೆ. ನೀವು ಊರಿಗೆ ಹೋದ ದಿನ ಮೆಸೇಜ್ ಬರ್ತದೆ, 'ಅಣ್ಣಾ ನಹೀ ಹೈ, ಆ ಜಾವೋ' ಅಂತ. ಆ ದಿನ ಎಲ್ಲರೂ ಬರ್ತಾರೆ."

ಅಣ್ಣ, ಅಂದರೆ ನಾನು, ಇಲ್ಲ, ಬಂದುಬಿಡಿ ಎಂದು ಆ ಮೆಸೇಜಿನ ಅರ್ಥ. ಊರಿಂದ ಬಂದಾಗಲೆಲ್ಲ "ನಾನಿಲ್ಲದಿದ್ದರೂ ನನ್ನ ಹೆಸರಿನ ಮೇಲೆ ವ್ಯಾಪಾರ ಆಗಿದೆ" ಎಂದು ಬೀಗುತ್ತಿದ್ದವನು ನಾನು! "ನಾನು ಊರಿಗೆ ಹೋಗುವುದು ಆ ಗ್ರೂಪಿಗೆ ಹೇಗೆ ಗೊತ್ತಾಗ್ತದೆ? ಮೆಸೇಜು ಹಾಕುವುದು ಯಾರು?" ಎಂದೆ.

ಎಲ್ಲರೂ ನಿಧಾನಕ್ಕೆ ಒಂದೇ ಕಡೆ ತಿರುಗಿದರು. ಅಲ್ಲಿ ವನಜ ಕಾಫಿ ಲೋಟ ಜೋಡಿಸುತ್ತಿದ್ದಳು.

"ನೀನಾ?"

"ಮತ್ತೆ ಹೋಟೆಲು ನಡೆಯುವುದು ಬೇಡವಾ?" ಎಂದಳು, ಲೋಟದಿಂದ ಕಣ್ಣೆತ್ತದೆ.

ನಾನು ದಂಗು. ಅಷ್ಟರಲ್ಲಿ ವಿಠಲಣ್ಣ ಗಂಟಲು ಸರಿಮಾಡಿಕೊಂಡು ಮೈಕು ಹಿಡಿದರು. ಜಗತ್ತು ಮುಳುಗುತ್ತಿದ್ದರೂ ನಿಯಮ ತಪ್ಪುವವರಲ್ಲ ಅವರು.

"ಸಭೆಯ ಅಭಿಪ್ರಾಯ ಸ್ಪಷ್ಟ ಉಂಟು. ಶ್ರೀಮತಿ ವನಜಕ್ಕನವರು ಇನ್ನು ಮುಂದೆ ಗಲ್ಲಾದಲ್ಲಿ ಕೂರುವುದು. ಸೂಚಕರು?"

ಮಲ್ಲಪ್ಪ ಕೈಯೆತ್ತಿದ.

"ಅನುಮೋದಕರು?"

ಜೋಶಿ ಕಾಕಾ ಶಿರಾದ ಚಮಚ ಎತ್ತಿದರು. ಅವರಿಗೆ ಕನ್ನಡ ಬರುವುದಿಲ್ಲ. ಆದರೆ ಎಲ್ಲಿ ಕೈಯೆತ್ತಬೇಕೆಂದು ಚೆನ್ನಾಗಿ ಗೊತ್ತು.

"ವಿರೋಧ ಇದ್ದವರು?"

ನಾನು ಎರಡೂ ಕೈ ಎತ್ತಿದೆ.

"ಅಧ್ಯಕ್ಷರಿಗೆ ಓಟು ಇಲ್ಲ ಮಾರಾಯ್ರೆ. ಸಮಸಮ ಬಂದರೆ ಮಾತ್ರ" ಎಂದರು ವಿಠಲಣ್ಣ, ಪ್ರೀತಿಯಿಂದಲೇ. ಚಪ್ಪಾಳೆಯೊಂದಿಗೆ ನಿರ್ಣಯ ಪಾಸಾಯಿತು.

ನಾನು ಪ್ರಶಾಂತನ ಕಡೆ ನೋಡಿದೆ. ಅವನ ಮುಖ ಬೆಳಗುತ್ತಿತ್ತು. "ಅಂಕಲ್, ಸೂಪರ್! ಇಷ್ಟು ಓಪನ್ನಾಗಿ ನಮ್ಮ ಆಫೀಸಲ್ಲೂ ಯಾರೂ ಮಾತಾಡಲ್ಲ."

"ನಿಮ್ಮ ದೊಡ್ಡ ಸಾಹೇಬರು ಹೀಗೆ ಸಭೆ ಕರೆದಿದ್ದರಾ?"

"ಇಲ್ಲ ಅಂಕಲ್. ನಮ್ಮಲ್ಲಿ ಬರೀ ಅದರ ಮೇಲೆ ಟ್ರೈನಿಂಗ್ ಆಗಿದೆ ಅಷ್ಟೆ."

ಹೋಗಲಿ, ಖಾರಘರವಾದರೂ ಸಿಗಲಿ, ಅಲ್ಲಿ ಹೊಸ ಗಲ್ಲಾ ಹಾಕಿಸಿ ಕೂರುವ ಎಂದು ಮತ್ತೆ ಆ ವಿಷಯ ಎತ್ತಿದೆ. ತರಕಾರಿಯವನು ಎದ್ದು, ತನ್ನ ಅಕ್ಕನ ಸಂಸಾರ ಖಾರಘರದಲ್ಲೇ ಇದೆ, ಪಾಪ, ಅವರನ್ನಾದರೂ ಬಿಟ್ಟುಬಿಡಿ ಎಂದ. ಆ ಪ್ರಸ್ತಾಪ ಸರ್ವಾನುಮತದಿಂದ ಬಿದ್ದುಹೋಯಿತು.

ಅಲ್ಲಿಗೂ ಮುಗಿಯಲಿಲ್ಲ. ವಿಠಲಣ್ಣ ತಮ್ಮ ಚೀಲದಿಂದ ಒಂದು ಜರಿ ಶಾಲು ತೆಗೆದರು. ಯಾರಿಗೆ ಯಾವಾಗ ಬೇಕಾಗುತ್ತದೋ ಎಂದು ಅದನ್ನು ಇಟ್ಟುಕೊಂಡೇ ತಿರುಗುವವರು ಅವರು. "ಇಷ್ಟು ವರ್ಷ ಗಲ್ಲಾದಲ್ಲಿ ಕೂತು ಸೇವೆ ಸಲ್ಲಿಸಿದ ಇವರನ್ನು ಸಂಸ್ಥೆಯ ಗೌರವಾಧ್ಯಕ್ಷರನ್ನಾಗಿ ಆರಿಸಿದ್ದೇವೆ" ಎಂದು ಘೋಷಿಸಿ ನನಗೆ ಹೊದೆಸಿದರು. ನನ್ನದೇ ಅಡುಗೆಮನೆಯ ತೆಂಗಿನಕಾಯಿ, ಬಾಳೆಹಣ್ಣು ನನ್ನ ಕೈಗೇ ಬಂತು. ಸಂಘದಲ್ಲಿ ಓಡಾಡಿದವರಿಗೆ ಗೌರವಾಧ್ಯಕ್ಷ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಮಂತ್ರಣದಲ್ಲಿ ಹೆಸರು ಮೇಲೆ, ಮಾತು ನಡೆಯುವುದು ಎಲ್ಲಿಯೂ ಇಲ್ಲ. ಫೋಟೋದಲ್ಲಿ ನಗಬೇಕೆಂದರು. ನಕ್ಕೆ. ಆ ಫೋಟೋ ಆ ಗ್ರೂಪಿನಲ್ಲಿ ಹೋಯಿತಂತೆ, ಕೆಳಗೆ 'ಅಬ್ ರೋಜ್ ಆ ಜಾವೋ', ಇನ್ನು ದಿನಾ ಬನ್ನಿ, ಎಂದು ಬರೆದು.

ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಹೋಟೆಲಿಗೆ ಹೋದೆ. ಗಲ್ಲಾದಲ್ಲಿ ವನಜ. ಪರಿಚಯದವರೊಡನೆ ನಗುತ್ತಾ, ಒಬ್ಬರ ಮೊಣಕಾಲು ನೋವು ವಿಚಾರಿಸುತ್ತಾ ಹಾಯಾಗಿ ಕೂತಿದ್ದಾಳೆ. ಒಂದೂ ಟೇಬಲ್ ಖಾಲಿಯಿಲ್ಲ. ನನ್ನ ಹೋಟೆಲು ಇಷ್ಟು ತುಂಬಿದ್ದನ್ನು ನಾನು ನೋಡಿರಲೇ ಇಲ್ಲ. ನೋಡುವುದಾದರೂ ಹೇಗೆ, ನಾನು ಇದ್ದಾಗ ತುಂಬಿದ್ದರೆ ತಾನೇ?

ಒಳಗೆ ಹೋಗಲು ಮನಸ್ಸಾಗಲಿಲ್ಲ. ಎದುರಿನ ಫುಟ್‌ಪಾತಿನಲ್ಲಿ ನಿಂತೆ. ಅದು ಮುನಿಸಿಪಾಲಿಟಿಯ ಜಾಗ, ಅಲ್ಲಿಂದ ಯಾವ ಮಹಾಸಭೆಯೂ ನನ್ನನ್ನು ಎಬ್ಬಿಸುವ ಹಾಗಿಲ್ಲ. ಸ್ವಲ್ಪ ಹೊತ್ತಿಗೆ ಜೇಬಿನಲ್ಲಿ ಫೋನು ಅಲುಗಿತು. ವನಜ.

"ಹೋಯ್, ಅಲ್ಲಿ ಎಂತ ನಿಂತಿದ್ದೀರಿ? ಬಾಗಿಲವರೆಗೆ ಬಂದವರು ನಿಮ್ಮನ್ನು ನೋಡಿ, ಧಣಿ ಇದ್ದಾರೆ ಅಂತ ವಾಪಸ್ ಹೋಗ್ತಾ ಇದ್ದಾರೆ. ಸ್ವಲ್ಪ ಸ್ಟೇಷನ್ ಕಡೆ ಹೋಗಿ ಬನ್ನಿ."

ನೋಡಿದೆ. ಹೌದು, ಒಂದು ಸಂಸಾರ ನನ್ನನ್ನು ಕಂಡು ಚಪ್ಪಲಿ ತಿರುಗಿಸಿ ಹೊರಟಿತ್ತು. ನಾನು ಸ್ಟೇಷನ್ ಕಡೆ ನಡೆದೆ. ಅಂದಿನಿಂದ ದಿನಾ ಬೆಳಿಗ್ಗೆ, ಸಂಜೆ ಹಾಗೆಯೇ ನಡೆಯುತ್ತಿದ್ದೇನೆ. ನಮ್ಮ ಸಂಸ್ಥೆಯ ಕಾರ್ಯತಂತ್ರದಲ್ಲಿ ನನ್ನ ಪಾಲಿಗೆ ಬಂದ ಕೆಲಸ ಅದೊಂದೇ. ವ್ಯಾಪಾರ ಚೆನ್ನಾಗಿದೆಯಂತೆ.